ಟೆಂಟಿನ ನಡುವಿನ ಹಗ್ಗ

ಈ ಸಲ ಊರಿಗೆ ಹೋದಾಗ ತುಳಸಿಗೇರಿ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಕಾಲೇಜು ಹುಡುಗನೊಬ್ಬ ಕೇಳಿದ: 'ಇಷ್ಟ್ ವರ್ಷ ಸಿನಿಮಾದ ಬಗ್ಗೆ ಬರದೀರಿ. ನಿಮಗ ಎಲ್ಲಾದಕಿಂತ ಪಸಂದ ಬಿದ್ದ ಸಿನಿಮಾ ಯಾವ್ದ್ರೀ?'

'ಯಾವ ವರ್ಷದ್ದು ಹೇಳ್ಲಿ?' ಅಂದೆ. ಚಿತ್ರ ಬಿಡುಗಡೆಯಾದ ವರ್ಷವನ್ನು ನಾನು ಕೇಳುತ್ತಿದ್ದೇನೆ ಅಂತ ಅವನು ತಿಳಿದ. ನಾನು ಕೇಳಿದ್ದು ನನ್ನ ವರ್ಷವನ್ನು. ಹದಿನೆಂಟರಲ್ಲಿ ನನ್ನ ಉತ್ತರ ಒಂದಿತ್ತು, ನಲವತ್ತರ ಹೊತ್ತಿಗೆ ಇನ್ನೊಂದಾಯಿತು, ಅರವತ್ತರ ಹತ್ತಿರ ಬಂದಾಗ ಮತ್ತೊಂದು. ಅವನಿಗೆ ಅಂದು ಒಂದು ಹೆಸರು ಹೇಳಿ ಎದ್ದುಬಂದೆ. ಪೂರ್ತಿ ಉತ್ತರ ಈ ಬರಹದಲ್ಲಿದೆ.

ನನ್ನ ಬಳಿ ಒಂದು ಹಳೆಯ ನೋಟುಬುಕ್ಕಿದೆ. 1982ರಲ್ಲಿ ಡಿಗ್ರಿ ಓದಲು ಧಾರವಾಡಕ್ಕೆ ಹೋದ ಹೊಸದರಲ್ಲಿ ಕೊಂಡದ್ದು. ಇಂಗ್ಲೆಂಡಿನ 'ಸೈಟ್ ಅಂಡ್ ಸೌಂಡ್' ಎಂಬ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ಜಗತ್ತಿನ ವಿಮರ್ಶಕರನ್ನು ಕೇಳಿ ಅತ್ಯುತ್ತಮ ಚಿತ್ರಗಳ ಪಟ್ಟಿ ಮಾಡುತ್ತದೆ ಎಂಬುದು ಆ ವರ್ಷ ಗೊತ್ತಾಯಿತು. ನನ್ನನ್ನು ಯಾರೂ ಕೇಳಿರಲಿಲ್ಲ. ಆದರೂ ನನ್ನ ಹತ್ತು ಚಿತ್ರಗಳನ್ನು ನೋಟುಬುಕ್ಕಿನಲ್ಲಿ ಬರೆದಿಟ್ಟೆ. 1992ರಲ್ಲಿ, 2002ರಲ್ಲಿ, 2012ರಲ್ಲಿ, 2022ರಲ್ಲಿ ಅದೇ ನೋಟುಬುಕ್ಕಿನಲ್ಲಿ ಮತ್ತೆ ಬರೆದೆ. ಐದು ಪಟ್ಟಿಗಳನ್ನು ಒಟ್ಟಿಗೆ ಹರವಿಕೊಂಡು ನೋಡಿದ್ದು ಮಾತ್ರ ಈಚೆಗೆ. ಆಗ ಕಂಡದ್ದು ನನ್ನನ್ನು ನಮ್ಮೂರಿನ ಜಾತ್ರೆಯ ಟೆಂಟಿಗೇ ಕರೆದೊಯ್ದಿತು.

ಆ ಕಡೆ, ಈ ಕಡೆ

ಬಾಗಲಕೋಟೆಯಿಂದ ಬೆಳಗಾವಿ ಕಡೆ ಹೋಗುವ ದಾರಿಯಲ್ಲಿ, ದಾಳಿಂಬೆಯ ಕಲಾದಗಿಗಿಂತ ಮೊದಲು ಸಿಗುವ ಊರು ನಮ್ಮದು. ಈ ಸೀಮೆಯಲ್ಲಿ ಯಾರಿಗಾದರೂ ತುಳಸಿಗೇರಪ್ಪ ಎಂಬ ಹೆಸರಿದ್ದರೆ ಅದು ನಮ್ಮೂರಿನ ಮಾರುತೇಶ್ವರನಿಗೆ ಹೊತ್ತ ಹರಕೆ. ಚಳಿಗಾಲದ ಜಾತ್ರೆಗೆ ಬೆಂಡು ಬೆತ್ತಾಸಿನ ಅಂಗಡಿಗಳ ಹಿಂದೆಯೇ ಟೂರಿಂಗ್ ಟಾಕೀಸೂ ಬರುತ್ತಿತ್ತು. ನೆಲ, ಬೆಂಚು, ಕುರ್ಚಿ ಎಂದು ಮೂರು ತರದ ಟಿಕೀಟು. ನೆಲದ ಮೇಲೆ ಕೂಡುವವರ ನಡುವೆ ಒಂದು ಹಗ್ಗ. ಆ ಹಗ್ಗದ ಎಡಕ್ಕೆ ಹೆಣ್ಮಕ್ಕಳು, ಬಲಕ್ಕೆ ಗಣಮಕ್ಕಳು. ಪ್ರೊಜೆಕ್ಟರ್ ಒಂದೇ ಇದ್ದುದರಿಂದ ರೀಲು ಬದಲಿಸುವಾಗಲೆಲ್ಲ ಕತ್ತಲಾಗುತ್ತಿತ್ತು. ಆ ಕತ್ತಲಲ್ಲಿ ಹಗ್ಗದ ಎರಡೂ ಕಡೆ ಮಾತು ಏಳುತ್ತಿತ್ತು. ನನ್ನ ಮೊದಲ ವಿಮರ್ಶೆಯ ಪಾಠ ಆ ಮಾತುಗಳಲ್ಲೇ ಆಯಿತು.

'ಬಂಗಾರದ ಮನುಷ್ಯ' ಬೆಂಗಳೂರಿನಲ್ಲಿ ತೆರೆಕಂಡದ್ದು 1972ರ ಮಾರ್ಚ್‌ನಲ್ಲಿ. ಅಲ್ಲಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಅದು ಎರಡು ವರ್ಷ ಓಡಿತು. ನಮ್ಮ ಟೆಂಟಿಗೆ ಅದು ಬರುವಾಗ ಪ್ರಿಂಟಿನ ತುಂಬ ಗೀರು. ಮೊದಲ ಸಲ ನೋಡಿದಾಗ ನನಗೆ ಒಂಬತ್ತು ವರ್ಷ, ಕೂತದ್ದು ಅವ್ವನ ತೊಡೆಗೆ ಒರಗಿ, ಹೆಣ್ಮಕ್ಕಳ ಕಡೆ. ಗಂಡನನ್ನು ಕಳೆದುಕೊಂಡ, ನಾಯಕ ರಾಜೀವನ ಅಕ್ಕ ಮಕ್ಕಳನ್ನು ಕಟ್ಟಿಕೊಂಡು ದಿಕ್ಕುಗಾಣದೆ ನಿಂತಾಗಲೇ ಸುತ್ತಲಿನ ಸೆರಗುಗಳು ಕಣ್ಣಿಗೆ ಹೋದವು. ರಾಜೀವನ ಹೆಂಡತಿ ಲಕ್ಷ್ಮಿ ತೀರಿಕೊಂಡಾಗ ಯಾರೂ ಮಾತಾಡಲಿಲ್ಲ. ಮನೆಗೆ ನಡೆದುಬರುವಾಗ ಅವ್ವ ಪಕ್ಕದ ಮನೆಯಾಕೆಗೆ ಹೇಳುತ್ತಿದ್ದಳು: 'ಆ ಹುಡುಗಿ ಉಳೀಬೇಕಿತ್ತವ್ವ. ಆಕಿ ಇದ್ದಿದ್ರ ಅವಂಗ ಮನಿ ಬಿಡೂ ಹೊತ್ತ ಬರ್ತಿರ್ಲಿಲ್ಲ.'

ಮೂರು ವರ್ಷದ ಮೇಲೆ ಅದೇ ಚಿತ್ರ ಮತ್ತೆ ಬಂತು. ಆಗ ನನಗೆ ಹನ್ನೆರಡು. 'ದೊಡ್ಡಾಂವ ಆದಿ, ಆ ಕಡೆ ಹೋಗು' ಎಂದು ಅವ್ವ ಹಗ್ಗದ ಆಚೆ ಕಳಿಸಿದಳು. ಅಲ್ಲಿ ಬೇರೆಯೇ ಸಿನಿಮಾ ನಡೆಯುತ್ತಿತ್ತು. ರಾಜೀವ ಬಂಡೆಗಲ್ಲಿನ ನೆಲವನ್ನು ಹಸನು ಮಾಡಲು ಹೊರಟಾಗ ಗಣಮಕ್ಕಳೆಲ್ಲ ಮುಂದಕ್ಕೆ ಬಾಗಿದರು. ಬೆಳೆ ತಲೆದೂಗಿದಾಗ ಶಿಳ್ಳೆ ಹೊಡೆದರು. ರೀಲು ಬದಲಿಸುವ ಕತ್ತಲಲ್ಲಿ ಬಾವಿ ಎಷ್ಟು ಮಟ್ಟ ಇರಬಹುದು, ಇಂಥ ನೆಲಕ್ಕೆ ಏನು ಹಾಕಿದರೆ ಬರುತ್ತದೆ ಎಂಬ ಚರ್ಚೆ. ಪೇಟೆಗೆ ಹೋದ ಹುಡುಗರು ಈ ಚಿತ್ರ ನೋಡಿ ಊರಿಗೆ ಮರಳಿ ಒಕ್ಕಲುತನಕ್ಕೆ ನಿಂತರು ಎಂದು ಕರ್ನಾಟಕದ ತುಂಬ ಜನ ಹೇಳುತ್ತಾರೆ. ಆ ಕಡೆ ಕೂತು ನೋಡಿದವನಾದ್ದರಿಂದ ನನಗೆ ಅದು ಅತಿಶಯ ಅನಿಸಿಲ್ಲ.

ಟಿ.ಕೆ. ರಾಮರಾವ್ ಅವರ ಕಾದಂಬರಿ, ಸಿದ್ದಲಿಂಗಯ್ಯ ಅವರ ನಿರ್ದೇಶನ, ರಾಜಕುಮಾರ್ ಅವರ ಮುಖ. 1982ರ ನನ್ನ ಪಟ್ಟಿಯಲ್ಲಿ ಇದೇ ಮೊದಲನೆಯದು. ಪಕ್ಕದಲ್ಲಿ ಬರೆದ ಟಿಪ್ಪಣಿಯಲ್ಲಿ ಬೆವರು, ಭೂಮಿ, ತ್ಯಾಗ ಎಂಬ ಮೂರು ಮಾತುಗಳಿವೆ. ಲಕ್ಷ್ಮಿಯ ಹೆಸರಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ಅವ್ವನ ಪಕ್ಕ ಕೂತು ನೋಡಿದ ಚಿತ್ರವನ್ನು ಹದಿನೆಂಟರ ವಿದ್ಯಾವಂತ ಮರೆತುಬಿಟ್ಟಿದ್ದ.

ನಾಣಿಯ ಕಣ್ಣು

ಧಾರವಾಡದ ಚಿತ್ರಸಮಾಜವೊಂದು ತೋರಿಸಿದ 'ಘಟಶ್ರಾದ್ಧ' ನನ್ನನ್ನು ವಿಮರ್ಶಕನನ್ನಾಗಿ ಮಾಡಿತು. ಯು.ಆರ್. ಅನಂತಮೂರ್ತಿಯವರ ಕತೆಯನ್ನು ಗಿರೀಶ ಕಾಸರವಳ್ಳಿ 1977ರಲ್ಲಿ ಕಪ್ಪುಬಿಳುಪಿನಲ್ಲಿ ತೆಗೆದ ಮೊದಲ ಚಿತ್ರ ಅದು, ಸ್ವರ್ಣಕಮಲ ಪಡೆದದ್ದು. ಎಸ್. ರಾಮಚಂದ್ರ ಅವರ ಕ್ಯಾಮೆರಾ, ಬಿ.ವಿ. ಕಾರಂತರ ಸಂಗೀತ. ಮಲೆನಾಡಿನ ಅಗ್ರಹಾರ, ವೇದಪಾಠಶಾಲೆ, ಹೊಸದಾಗಿ ಬಂದ ಪುಟ್ಟ ಹುಡುಗ ನಾಣಿ. ಅವನನ್ನು ಅಕ್ಕರೆಯಿಂದ ಕಾಣುವವಳು ಗುರುವಿನ ಮಗಳು, ವಿಧವೆ ಯಮುನಕ್ಕ. ಅವಳು ಬಸುರಾಗುತ್ತಾಳೆ. ಬದುಕಿರುವ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡಿ ಗಡಿಗೆ ಒಡೆಯುತ್ತಾನೆ.

ಬಯಲುಸೀಮೆಯ ನನಗೆ ಆ ಮಳೆಯೂ ಗೊತ್ತಿರಲಿಲ್ಲ, ಆ ಮಡಿಯೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನಾಣಿಯ ಅವಸ್ಥೆ: ದೊಡ್ಡವರ ಲೋಕದಲ್ಲಿ ಏನೋ ಘೋರವಾದದ್ದು ನಡೆಯುತ್ತಿದೆ, ತನಗೆ ಅರ್ಧ ತಿಳಿಯುತ್ತಿದೆ, ಏನೂ ಮಾಡಲಾಗುತ್ತಿಲ್ಲ. ನಾನು ಆ ಚಿತ್ರವನ್ನು ನಾಣಿಯ ಪಕ್ಕದಲ್ಲಿ ಕೂತು ನೋಡಿದೆ. ಮೂವತ್ತರಲ್ಲಿ ಮತ್ತೆ ನೋಡಿದಾಗ ಹುತ್ತದ ಕೋವಿಗೆ ಕೈಹಾಕಿ ಸಾವಿಗೆ ಕಾಯುವ ಯಮುನೆಯ ಕೈಯನ್ನೇ ಕಂಡೆ. ಮೊದಲ ಸಲ ಅದೇ ದೃಶ್ಯದಲ್ಲಿ ನಾನು ಕಂಡದ್ದು ಪಕ್ಕದಲ್ಲಿ ನಡುಗುವ ಹುಡುಗನನ್ನು. ಕೊನೆಯಲ್ಲಿ ತಲೆ ಬೋಳಾಗಿ ಒಂಟಿಯಾಗಿ ಕೂತ ಯಮುನಕ್ಕನನ್ನು ನಾಣಿ ಕಂಡು, ಅಪ್ಪನ ಹಿಂದೆ ನಡೆದುಹೋಗುತ್ತಾನೆ. ಅವನೊಂದಿಗೆ ನಾನೂ ನಡೆದುಹೋಗಿದ್ದೆ. ಈಚೆಗೆ ನೋಡಿದಾಗ ಅವನು ಹೋದ. ನಾನು ಅಲ್ಲೇ ಉಳಿದೆ.

2024ರಲ್ಲಿ ಈ ಚಿತ್ರದ ಸವೆದ ಪ್ರತಿಯನ್ನು ಜೀರ್ಣೋದ್ಧಾರ ಮಾಡಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಆ ಸುದ್ದಿ ಓದಿದ ದಿನ ನನಗಾದ ಸಂತೋಷವನ್ನು ಹೇಗೆ ಹೇಳಲಿ? ಊರಿನ ಹಳೇ ಗುಡಿ ಬೀಳದಂತೆ ಯಾರೋ ಕಂಬ ಕೊಟ್ಟ ಹಾಗೆ.

ನಾನು ಬರೆಯದೆ ಬಿಟ್ಟ ಹೆಸರು

1992ರ ಪಟ್ಟಿಯ ಮೇಲ್ತುದಿಯಲ್ಲಿ 'ತಬರನ ಕಥೆ' ಇದೆ. ತೇಜಸ್ವಿಯವರ ಕತೆ, ಮತ್ತೆ ಕಾಸರವಳ್ಳಿ, ಚಾರುಹಾಸನ್ ಅವರ ಮರೆಯಲಾಗದ ಅಭಿನಯ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದು ಬುದ್ಧಿ ಕದಡಿಹೋಗುವ ಮುದುಕನ ಬಗ್ಗೆ ನಾನು ಆವೇಶದಿಂದ ಬರೆದಿದ್ದೆ. ಸರ್ಕಾರ, ಕಾಗದ, ಸಹಿ ಎಲ್ಲದರ ಮೇಲೂ ಸಿಟ್ಟಿತ್ತು. ಮನೆಯಲ್ಲಿ ಕಾಲು ಕೊಳೆಯುತ್ತ ಮಲಗಿರುವ ತಬರನ ಹೆಂಡತಿ ಅಪ್ಪಿಯ ಹೆಸರು ಆ ವಿಮರ್ಶೆಯಲ್ಲಿ ಒಂದೇ ಒಂದು ಸಲವೂ ಇಲ್ಲ. ತಬರ ಓಡಾಡುವುದು ಅವಳ ಔಷಧಿಗಾಗಿ. ಚಿತ್ರ ಅದನ್ನು ಮರೆತಿರಲಿಲ್ಲ, ಮರೆತವನು ನಾನು. ಮೊನ್ನೆ ಆ ಕತ್ತರಿಸಿಟ್ಟ ಹಾಳೆಯನ್ನು ಓದುವಾಗ ನಾಚಿಕೆಯಾಯಿತು.

ಆ ಪಟ್ಟಿಯಲ್ಲಿದ್ದ ಇನ್ನೊಂದು ಚಿತ್ರ ಟಿ.ಎಸ್. ನಾಗಾಭರಣ ಅವರ 1990ರ 'ಸಂತ ಶಿಶುನಾಳ ಶರೀಫ'. ಅದನ್ನು ನಾನು ಪ್ರೀತಿಸಲು ಕಾರಣ ಕಿವಿ. ಅದುವರೆಗೆ ನಮ್ಮ ಕಡೆಯ ಭಾಷೆ ಪರದೆಯ ಮೇಲೆ ಬಂದರೆ ಹೆಚ್ಚಾಗಿ ನಗಿಸುವವನ ಬಾಯಲ್ಲೇ ಬರುತ್ತಿತ್ತು. ಈ ಚಿತ್ರದಲ್ಲಿ ಅದೇ ಭಾಷೆಯಲ್ಲಿ ಒಬ್ಬ ಮನುಷ್ಯ ದೇವರನ್ನು ಹುಡುಕಿದ. ಸಂಭಾಷಣೆ ಬರೆದ ಗೋಪಾಲ ವಾಜಪೇಯಿ ಮುಂದೆ 1997ರ 'ನಾಗಮಂಡಲ'ದಲ್ಲೂ ಆ ಭಾಷೆಗೆ ಅಷ್ಟೇ ಗೌರವ ತಂದರು. ನಾವು ಮನೆಯಲ್ಲಿ ಅತ್ತ ಭಾಷೆ, ಜಗಳಾಡಿದ ಭಾಷೆ, ಹೆಣ ಹೊರುವಾಗ ಮಾತಾಡಿದ ಭಾಷೆ. ಅದರಲ್ಲಿ ನಗು ಇದೆ, ಆದರೆ ಅದು ನಗೆಪಾಟಲಲ್ಲ.

ಹಿನ್ನೀರು ಬಂದ ವರ್ಷಗಳು

2002ರ ಪಟ್ಟಿಯಲ್ಲಿ ಎರಡು ಹೆಸರು ಅಕ್ಕಪಕ್ಕದಲ್ಲಿವೆ: 'ತಾಯಿಸಾಹೇಬ' ಮತ್ತು 'ದ್ವೀಪ'.

'ತಾಯಿಸಾಹೇಬ' ರಂ.ಶಾ. ಲೋಕಾಪುರ ಅವರ ಕಾದಂಬರಿಯ ಚಿತ್ರ. ಅವರ ಮನೆತನದ ಹೆಸರಿನ ಊರು ನಮ್ಮ ರಸ್ತೆಯಲ್ಲೇ ಮುಂದೆ ಇದೆ. ಚಿತ್ರದ ವಾಡೆ, ಕಟ್ಟೆ, ಮಾತು ಎಲ್ಲವೂ ನಮ್ಮವು. ಗಂಡ ಅಪ್ಪಾಸಾಹೇಬ ದೇಶಕ್ಕಾಗಿ ಹೊರಗೆ ಹೋದವನು. ಅವನು ಬಿಟ್ಟುಹೋದ ಮನೆ, ಮಾನ, ಅವನ ಇನ್ನೊಂದು ಸಂಸಾರದ ಭಾರ ಎಲ್ಲವನ್ನೂ ಹೊರುವವಳು ಹೆಂಡತಿ ನರ್ಮದಾ. ಜಯಮಾಲಾ ಅವರು ಮಾತಿಗಿಂತ ಹೆಚ್ಚಾಗಿ ನಡಿಗೆಯಲ್ಲಿ, ಸೆರಗು ಸರಿಪಡಿಸಿಕೊಳ್ಳುವ ರೀತಿಯಲ್ಲಿ ಆ ಪಾತ್ರವನ್ನು ಕಟ್ಟಿದರು. ವೈಶಾಲಿ ಕಾಸರವಳ್ಳಿಯವರ ವಸ್ತ್ರವಿನ್ಯಾಸಕ್ಕೆ, ರಮೇಶ ದೇಸಾಯಿಯವರ ಕಲಾನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಚಿತ್ರಕ್ಕೆ ಸ್ವರ್ಣಕಮಲ.

'ದ್ವೀಪ' ನೋಡುವಾಗ ನಾನು ವಿಮರ್ಶಕನಾಗಿ ಕೂರಲಾಗಲಿಲ್ಲ. ಘಟಪ್ರಭೆಯ ದಂಡೆಯ ಹಳೇ ಬಾಗಲಕೋಟೆಗೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬರುತ್ತಿದ್ದ ವರ್ಷಗಳವು. ತಗ್ಗಿನ ಓಣಿಗಳ ಮನೆಗಳಿಗೆ ಅಳತೆ, ನೋಟಿಸು, ಪರಿಹಾರ. ಜನ ಬಾಗಿಲು ಚೌಕಟ್ಟು ಕಿತ್ತು ಟ್ರ್ಯಾಕ್ಟರಿಗೆ ಹೇರಿಕೊಂಡು ನವನಗರಕ್ಕೆ ಹೋಗುತ್ತಿದ್ದರು. ಓಣಿಗಳಿಗೆ ದೇವರ, ಕಸುಬಿನ, ಮನೆತನದ ಹೆಸರಿದ್ದ ಊರು ಸೆಕ್ಟರ್ ನಂಬರುಗಳ ಊರಾಯಿತು. ನನ್ನ ಸೋದರತ್ತೆಯ ಮನೆ ಆ ತಗ್ಗಿನಲ್ಲಿತ್ತು. ನಾನು ಶಾಲೆಯ ರಜೆಯಲ್ಲಿ ಅಲ್ಲಿಗೆ ಹೋಗಿ ಮ್ಯಾಟಿನಿ ನೋಡುತ್ತಿದ್ದವನು.

ನಾ. ಡಿಸೋಜ ಅವರ ಕಾದಂಬರಿಯಲ್ಲಿ ಮುಳುಗುವುದು ಮಲೆನಾಡಿನ ಊರು. ಅಲ್ಲಿ ನೀರು ಮಳೆಯಾಗಿ, ಗುಡುಗಾಗಿ, ಹಗಲೂ ರಾತ್ರಿ ಹೇಳಿಕೊಂಡೇ ಬರುತ್ತದೆ. ನಮ್ಮಲ್ಲಿ ನೀರು ಸದ್ದಿಲ್ಲದೆ, ಬಿಸಿಲಿನಲ್ಲಿ, ಬೆನ್ನ ಹಿಂದಿನಿಂದ ಬಂತು. ಆದರೆ ಪರಿಹಾರದ ಕಚೇರಿಯ ಮುಂದೆ ನಿಂತ ಮನುಷ್ಯನ ಮುಖ ಎರಡೂ ಕಡೆ ಒಂದೇ. ಗುಡ್ಡದ ಮೇಲಿನ ಗುಡಿ ಬಿಟ್ಟುಹೋಗಲೊಲ್ಲದ ದುಗ್ಗಜ್ಜ, ಅವನ ಮಗ ಗಣಪ, ಸೊಸೆ ನಾಗಿ. ಎಲ್ಲರೂ ಹೋದ ಮೇಲೆ ಉಳಿದ ಒಂದೇ ಮನೆ. ಎಚ್.ಎಂ. ರಾಮಚಂದ್ರ ಅವರ ಕ್ಯಾಮೆರಾ ಆ ಮಳೆಯನ್ನು ಎಷ್ಟು ಸುಂದರವಾಗಿ ಹಿಡಿದಿದೆಯೆಂದರೆ, ಸುಂದರವಾದದ್ದೇ ಕೊಲ್ಲಲು ಬರುತ್ತಿದೆ ಎಂಬ ಭಯ ಎದೆಯಲ್ಲಿ ಕೂಡುತ್ತದೆ.

ನಾಗಿಯ ಪಾತ್ರ ಮಾಡಿದ ಸೌಂದರ್ಯ ಆ ಚಿತ್ರದ ನಿರ್ಮಾಪಕಿಯೂ ಹೌದು. ದಕ್ಷಿಣ ಭಾರತದ ದೊಡ್ಡ ತಾರೆಯಾಗಿದ್ದಾಗ ಅವರು ಇಂಥ ಚಿತ್ರಕ್ಕೆ ಹಣ ಹೂಡಿದರು, ಕೆಸರಿನಲ್ಲಿ ನಿಂತರು. 2004ರ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚಿತ್ರದ ಕೊನೆಯಲ್ಲಿ ಮನೆಯನ್ನು ಎಚ್ಚರದಿಂದ, ಮೈಮುರಿದು ಕಾಯ್ದವಳು ನಾಗಿ. ಅಪಾಯ ಕಳೆದಾಗ ಗಂಡ ದೇವರು ಕಾಪಾಡಿದ ಅನ್ನುತ್ತಾನೆ. ನಾಗಿಯ ಮುಖವನ್ನು ಕ್ಯಾಮೆರಾ ನೋಡುತ್ತದೆ. ಅದೇ ಕ್ಷಣದಲ್ಲಿ ನನಗೆ ಸೋದರತ್ತೆ ನೆನಪಾದಳು. ಮನೆ ಖಾಲಿ ಮಾಡುವ ವಾರವಿಡೀ ಗಂಟು ಕಟ್ಟಿದವಳು ಅವಳು. ಕಾಗದಕ್ಕೆ ಸಹಿ ಹಾಕಿದವರು ಮಾವ, ಜನ ಸಮಾಧಾನ ಹೇಳಿದ್ದೂ ಮಾವನಿಗೆ.

ಆಲಮಟ್ಟಿಯ ಗರಿಷ್ಠ ನೀರಿನ ಮಟ್ಟ ಈಗ 519.60 ಮೀಟರ್. ಅದನ್ನು 524.256ಕ್ಕೆ ಏರಿಸುವ ಮಾತು ಇನ್ನೂ ಮುಗಿದಿಲ್ಲ. ಆದ್ದರಿಂದ 'ದ್ವೀಪ' ನಮ್ಮ ಜಿಲ್ಲೆಯಲ್ಲಿ ಹಳೆಯ ಚಿತ್ರವಾಗುವುದೇ ಇಲ್ಲ.

ಬೀಳಗಿಯ ದನಿ, ಇಳಕಲ್ಲಿನ ಮಗ್ಗ

ನಮ್ಮ ಹಳೇ ತಲೆಮಾರಿನ ಹೆಣ್ಮಕ್ಕಳು ಬೀಳಗಿ ಅಮೀರಬಾಯಿಯ ಹೆಸರನ್ನು ಮನೆಮಗಳ ಹೆಸರಿನಂತೆ ಹೇಳುತ್ತಿದ್ದರು. ನಾನು ಅದನ್ನು ಅಜ್ಜಿಯರ ಮಾತೆಂದು ಬಿಟ್ಟಿದ್ದೆ. ರಹಮತ್ ತರೀಕೆರೆಯವರು ಅಮೀರ್‌ಬಾಯಿ ಕರ್ನಾಟಕಿಯ ಬಗ್ಗೆ ಬರೆದ ಪುಸ್ತಕ ಓದಿದ ಮೇಲೆ 1943ರ 'ಕಿಸ್ಮತ್' ಚಿತ್ರವನ್ನು ಹುಡುಕಿ ನೋಡಿದೆ. ಬಾಂಬೆ ಟಾಕೀಸ್ ತಯಾರಿಸಿದ, ಅಶೋಕ್ ಕುಮಾರ್ ನಟಿಸಿದ ಆ ಚಿತ್ರ ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮೀರಿ ಓಡಿತು. ನಾಯಕಿಯ ಹಾಡುಗಳಲ್ಲಿ ಕೇಳುವುದು ನಮ್ಮ ಬೀಳಗಿಯ ದನಿ. ಅನಿಲ್ ಬಿಸ್ವಾಸ್ ಅವರ ಸಂಗೀತ. ಕವಿ ಪ್ರದೀಪ್ ಬರೆದ ದೇಶಪ್ರೇಮದ ಹಾಡನ್ನೂ ಅವಳು ಖಾನ್ ಮಸ್ತಾನರ ಜೊತೆ ಹಾಡಿದಳು. ಬ್ರಿಟಿಷರ ಕಾಲದಲ್ಲೇ ಅದು ಸೆನ್ಸಾರ್ ದಾಟಿ ಬಂದದ್ದು ಒಂದು ವಿಸ್ಮಯ. ಕೃಷ್ಣೆಯ ದಂಡೆಯ ಸೀಮೆಯಿಂದ ಹೋದ ಹೆಣ್ಣುಮಗಳೊಬ್ಬಳ ಕಂಠವನ್ನು ಇಡೀ ದೇಶ ಕೇಳಿತು. ಅವಳ ಹೆಸರಲ್ಲಿ ವಿಜಯಪುರದಲ್ಲಿ ಅಮೀರ್ ಟಾಕೀಸೂ ಎದ್ದಿತು. ಅಜ್ಜಿಯರಿಗೆ ಗೊತ್ತಿದ್ದ ಈ ಚರಿತ್ರೆ ಸಿನಿಮಾ ವಿಮರ್ಶಕ ಅನಿಸಿಕೊಂಡ ನನಗೆ ಗೊತ್ತಾಗುವಾಗ ತಲೆ ನರೆತಿತ್ತು. 2012ರ ಪಟ್ಟಿಗೆ 'ಕಿಸ್ಮತ್' ಸೇರಿತು.

ಅದೇ ಪಟ್ಟಿಯಲ್ಲಿ ಪ್ರಿಯದರ್ಶನ್ ಅವರ ತಮಿಳು ಚಿತ್ರ 'ಕಾಂಜೀವರಂ' ಕೂಡ ಇದೆ. ನಮ್ಮ ಪ್ರಕಾಶ್ ರೈಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ಅದನ್ನು ನಾನು ಇಳಕಲ್ಲಿನ ನೇಕಾರ ಗೆಳೆಯನ ಮನೆಯಲ್ಲಿ ನೋಡಿದೆ. ಮದುವೆಗೆ ಮಗಳಿಗೆ ರೇಷ್ಮೆ ಸೀರೆ ಉಡಿಸುತ್ತೇನೆಂದು ಮಾತು ಕೊಟ್ಟ ನೇಕಾರ, ಪರರಿಗಾಗಿ ನೇಯುವ ರೇಷ್ಮೆಯ ಎಳೆಗಳನ್ನು ಕದ್ದುತಂದು ಮನೆಯಲ್ಲಿ ಗುಟ್ಟಾಗಿ ಸೀರೆ ನೇಯುತ್ತಾನೆ. ಕೊನೆಗೆ ಆ ಅರೆ ಸೀರೆಯನ್ನು ಮಗಳ ಶವಕ್ಕೆ ಹೊದಿಸುವಾಗ ಮುಖ ಮುಚ್ಚಿದರೆ ಪಾದ ಕಾಣುತ್ತದೆ, ಪಾದ ಮುಚ್ಚಿದರೆ ಮುಖ ಕಾಣುತ್ತದೆ. ಗೆಳೆಯ ಏನೂ ಅನ್ನಲಿಲ್ಲ. ಅವನ ಹೆಂಡತಿ ಎದ್ದುಹೋಗಿ, ಮಗ್ಗದ ಮೇಲಿದ್ದ ಸೀರೆಯ ಸೆರಗಿನ ಹಾಸನ್ನು ಒಡಲ ಹಾಸಿಗೆ ಕುಣಿಕೆ ಹಾಕಿ ಕೂಡಿಸುವ ಕೆಲಸಕ್ಕೆ ಕೂತಳು. ತೋಪು ತೆನಿ ಅನ್ನುತ್ತಾರಲ್ಲ, ಇಳಕಲ್ ಸೀರೆಯ ಗುರುತೇ ಆ ಕೂಡಿಕೆ. ಒಂದೊಂದು ಎಳೆಯನ್ನೂ ಬೆರಳಿನಿಂದ ಸೇರಿಸಬೇಕು. 'ನಾ ಇಷ್ಟ್ ಸೀರಿ ಮಾಡೀನಿ, ಒಂದನೂ ಉಟ್ಟಿಲ್ಲ' ಎಂದಳು, ತಲೆ ಎತ್ತದೆ. ಆ ಚಿತ್ರದ ಬಗ್ಗೆ ಇದಕ್ಕಿಂತ ದೊಡ್ಡ ವಿಮರ್ಶೆ ನಾನು ಓದಿಲ್ಲ.

ಕಲ್ಲಿನ ಮೇಲಿನ ಪಟ್ಟಿ

ಬಾದಾಮಿಯ ಕೆಂಪು ಬಂಡೆಗಳ ಮುಂದೆ ಎಷ್ಟೋ ಕ್ಯಾಮೆರಾಗಳು ನಿಂತಿವೆ. ಮಣಿರತ್ನಂ 2007ರ 'ಗುರು' ಚಿತ್ರಕ್ಕೆ ಅಲ್ಲಿಗೆ ಬಂದರು. ಚಾಲುಕ್ಯರ ಕತೆಯನ್ನೇ ಹೇಳಿದ 'ಇಮ್ಮಡಿ ಪುಲಿಕೇಶಿ' 1967ರಷ್ಟು ಹಿಂದೆಯೇ ರಾಜಕುಮಾರ್ ಅವರ ಗಾಂಭೀರ್ಯದಲ್ಲಿ ಬಂತು. ಬಾಲ್ಯದಲ್ಲಿ ನನಗೆ ಅದು ಪ್ರಾಣ. ಆದರೂ ಆ ಕಲ್ಲನ್ನು ಕಡಿದವನ, ಅವನಿಗೆ ಬುತ್ತಿ ತಂದವಳ ಕತೆ ಹೇಳುವ ಚಿತ್ರಕ್ಕೆ ನನ್ನ ನೋಟುಬುಕ್ಕಿನಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದೇನೆ.

ಹುನಗುಂದ ಸೀಮೆಯ ಐಹೊಳೆಯಲ್ಲಿ ಮೇಗುತಿ ಗುಡಿಯ ಗೋಡೆಯ ಮೇಲೆ ಕವಿ ರವಿಕೀರ್ತಿ ಕ್ರಿ.ಶ. 634ರಲ್ಲಿ ಪುಲಿಕೇಶಿಯ ಪ್ರಶಸ್ತಿ ಬರೆದ. ಅದರಲ್ಲಿ ಕಾಳಿದಾಸ, ಭಾರವಿ ಎಂಬ ಎರಡು ಹೆಸರುಗಳನ್ನು ತನ್ನ ಕೀರ್ತಿಗೆ ಅಳತೆಗೋಲಾಗಿ ಇಟ್ಟುಕೊಂಡ. ಕಾಳಿದಾಸನ ಕಾಲ ನಿರ್ಣಯಕ್ಕೆ ವಿದ್ವಾಂಸರು ಇಂದಿಗೂ ಆ ಗೋಡೆಗೆ ಬರುತ್ತಾರೆ. ಮೆಚ್ಚಿದವರ ಹೆಸರು ಹೇಳುವುದು ತಾನು ಎಲ್ಲಿ ನಿಂತಿದ್ದೇನೆಂದು ಹೇಳುವುದೂ ಹೌದು. ರವಿಕೀರ್ತಿಗೆ ಕಲ್ಲು ಸಿಕ್ಕಿತು, ಹೆಸರು ಅಳಿಸಲಾಗಲಿಲ್ಲ. ನನಗೆ ಸಿಕ್ಕದ್ದು ಕಾಗದ. ಅದರಿಂದ ಒಳ್ಳೆಯದೇ ಆಯಿತು.

ಜಗತ್ತಿನ ವಿಮರ್ಶಕರೂ ತಮ್ಮ ಕಾಗದವನ್ನು ತಿದ್ದಿಕೊಂಡಿದ್ದಾರೆ. 1952ರಲ್ಲಿ ಅವರ ಮೊದಲ ಆಯ್ಕೆ 'ಬೈಸಿಕಲ್ ಥೀವ್ಸ್', 1962ರಿಂದ 2002ರವರೆಗೆ 'ಸಿಟಿಜನ್ ಕೇನ್', 2012ರಲ್ಲಿ 'ವರ್ಟಿಗೋ'. 2022ರಲ್ಲಿ ಬೆಲ್ಜಿಯಂನ ಶಾಂಟಾಲ್ ಅಕರ್ಮನ್ 1975ರಲ್ಲಿ ಮಾಡಿದ 'ಜಾನ್ ಡೀಲ್ಮನ್'. ಹೆಣ್ಣೊಬ್ಬಳು ನಿರ್ದೇಶಿಸಿದ ಚಿತ್ರ ಆ ಪಟ್ಟಿಯ ತುದಿಗೆ ಬಂದದ್ದು ಅದೇ ಮೊದಲು.

ಆಲೂಗಡ್ಡೆ, ಜೋಳದ ರೊಟ್ಟಿ

201 ನಿಮಿಷದ ಆ ಚಿತ್ರವನ್ನು ನಾನು ಅವ್ವ ತೀರಿಕೊಂಡ ಮರುವರ್ಷ, ಊರಿನ ಮನೆಯಲ್ಲಿ, ಒಬ್ಬನೇ ಕೂತು ನೋಡಿದೆ. ಬ್ರಸೆಲ್ಸ್‌ನ ವಿಧವೆಯೊಬ್ಬಳ ಮೂರು ದಿನ. ಹಾಸಿಗೆ ಸರಿಪಡಿಸುತ್ತಾಳೆ, ಮಗನಿಗೆ ಬಡಿಸುತ್ತಾಳೆ, ಹೊಟ್ಟೆಪಾಡಿಗಾಗಿ ಮಧ್ಯಾಹ್ನ ಮೈ ಮಾರುತ್ತಾಳೆ, ಆಲೂಗಡ್ಡೆ ಸುಲಿಯುತ್ತಾಳೆ. ಕ್ಯಾಮೆರಾ ಅಲುಗದೆ ನೋಡುತ್ತದೆ. ಎರಡನೇ ದಿನ ಆಲೂಗಡ್ಡೆ ಹೆಚ್ಚು ಬೆಂದುಹೋಗುತ್ತದೆ. ಅಷ್ಟೇ. ಆದರೆ ಆ ಪಾತ್ರೆ ಹಿಡಿದು ಎಲ್ಲಿಡಲೆಂದು ತಿಳಿಯದೆ ಅವಳು ಮನೆಯಲ್ಲಿ ತಿರುಗುವಾಗ ನನಗೆ ಎದೆ ನಡುಗಿತು.

ಅವ್ವ ದಿನಕ್ಕೆ ಎರಡು ಹೊತ್ತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿಗೆ ಎಸರು ಹಾಕಿ ನಾದುವುದು, ಉಂಡಿ ಮಾಡುವುದು, ಕೊಣಮಿಗೆಯಲ್ಲಿ ತಿರುಗಿಸುತ್ತ ಬಡಿಯುವುದು, ಹಂಚಿಗೆ ಹಾಕಿ ನೀರು ಸವರುವುದು. ಆ ಸಪ್ಪಳಕ್ಕೆ ನಾನು ಎದ್ದೆ, ಓದಿದೆ, ಬರೆದೆ. ಐವತ್ತು ವರ್ಷದಲ್ಲಿ ಒಂದು ಸಲವೂ ಒಂದು ರೊಟ್ಟಿ ಮೊದಲಿಂದ ಕೊನೆಯವರೆಗೆ ಆಗುವುದನ್ನು ನಾನು ಕೂತು ನೋಡಿರಲಿಲ್ಲ. ಚಿತ್ರವನ್ನು ಹೇಗೆ ನೋಡಬೇಕೆಂದು ಜನರಿಗೆ ಹೇಳಿಕೊಟ್ಟವನು ನಾನು.

ಆ ರಾತ್ರಿ ಐದು ಪಟ್ಟಿಗಳನ್ನು ಹರವಿಕೊಂಡೆ. ರಾಜೀವ, ನಾಣಿ, ತಬರ. ಆಮೇಲೆ ನರ್ಮದಾ, ನಾಗಿ, ಅಮೀರಬಾಯಿ. ವೈದೇಹಿಯವರ ಕತೆಯ 'ಗುಲಾಬಿ ಟಾಕೀಸ್'ನಲ್ಲಿ ಸಿನಿಮಾದ ಹುಚ್ಚಿನ ಸೂಲಗಿತ್ತಿಯಾಗಿ ಉಮಾಶ್ರೀ. ಈಗ ಬ್ರಸೆಲ್ಸ್‌ನ ಈ ಹೆಂಗಸು. ನಾನು ಯೋಚಿಸಿ ಮಾಡಿದ್ದಲ್ಲ. ಚಿತ್ರಗಳು ಒಂದೊಂದಾಗಿ ಕೈಹಿಡಿದು ಸರಿಸಿದವು. ಹನ್ನೆರಡನೇ ವಯಸ್ಸಿನಲ್ಲಿ ಯಾವ ಹಗ್ಗದ ಕೆಳಗೆ ನುಸುಳಿ ಗಣಮಕ್ಕಳ ಕಡೆ ಹೋಗಿದ್ದೆನೋ ಅದೇ ಹಗ್ಗದ ಕೆಳಗೆ ನುಸುಳಿ ವಾಪಸು ಬರಲು ನಲವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

'ಬಂಗಾರದ ಮನುಷ್ಯ'ವನ್ನು 2022ರ ಪಟ್ಟಿಯಲ್ಲೂ ಬರೆದಿದ್ದೇನೆ. ಪಕ್ಕದ ಟಿಪ್ಪಣಿ ಮಾತ್ರ ಬೇರೆ. ಗುಡಿಯ ಕಟ್ಟೆಯ ಮೇಲೆ ಆ ಹುಡುಗನಿಗೆ ನಾನು ಹೇಳಿದ ಹೆಸರೂ ಅದೇ. ಟಿಪ್ಪಣಿಯಲ್ಲಿ ಏನಿದೆಯೆಂದು ಅವನು ಕೇಳಲಿಲ್ಲ. ಕೇಳಿದ್ದರೆ ಅವ್ವ ಆ ರಾತ್ರಿ ದಾರಿಯಲ್ಲಿ ಆಡಿದ ಮಾತನ್ನೇ ಹೇಳುತ್ತಿದ್ದೆ: ಆ ಹುಡುಗಿ ಉಳೀಬೇಕಿತ್ತವ್ವ.